ಚೈತ್ರಾಳ ಕೈಗುಣ ಮತ್ತು ಕರಗುವ ಪಾಲಿಮರ್

ಕೊರೊನಾ ಕಳೆದ ಮೇಲಿನ ಎರಡನೆಯ ಮಳೆಗಾಲ. ಪುಣೆಯಿಂದ ಸಾಸವಡಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿದ್ದ ಒಂದು ಸಣ್ಣ ಔಷಧ ಸಂಶೋಧನಾ ಕಂಪನಿಯಲ್ಲಿ ನಾನು ಅನಲಿಟಿಕಲ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ನನ್ನ ಕೈಕೆಳಗೆ ಇದ್ದದ್ದು ನಾಲ್ಕು ಯಂತ್ರಗಳು ಮತ್ತು ಸದಾ ರಜೆಯ ಮೇಲಿರುತ್ತಿದ್ದ ಒಬ್ಬ ಸಹಾಯಕ. ಬೇರೆಯವರು ತಯಾರಿಸಿದ ವಸ್ತುವನ್ನು ಅಳೆದು, ಇದು ಸರಿಯಿದೆ, ಇದು ಕೆಟ್ಟಿದೆ ಎಂದು ಹೇಳುವುದು ನನ್ನ ಕೆಲಸ. ಇಂಥ ಕೆಲಸ ಮಾಡುವವರನ್ನು ಯಾವ ಕಂಪನಿಯಲ್ಲೂ ಯಾರೂ ಪ್ರೀತಿಸುವುದಿಲ್ಲ. ನನಗೂ ಆ ಹಂಬಲವಿರಲಿಲ್ಲ. ಬೆಳಿಗ್ಗೆ ಸದಾಶಿವ ಪೇಠದ ಮನೆಯಿಂದ ಹೊರಟು, ಟ್ರಾಫಿಕ್ಕಿನಲ್ಲಿ ಸಿಕ್ಕು ಬೈದುಕೊಳ್ಳುತ್ತ ಆಫೀಸು ಮುಟ್ಟುವಷ್ಟರಲ್ಲಿ ನನ್ನ ಅರ್ಧ ಸಹನೆ ಖರ್ಚಾಗಿರುತ್ತಿತ್ತು. ಉಳಿದರ್ಧವನ್ನು ಅಲ್ಲಿನವರು ಮುಗಿಸುತ್ತಿದ್ದರು.

ನಾವು ಮಾಡುತ್ತಿದ್ದ ವಸ್ತುವಿನ ಬಗ್ಗೆ ಎರಡು ಮಾತು ಹೇಳದೆ ಮುಂದಿನದು ತಿಳಿಯುವುದಿಲ್ಲ. ಜೀವಕೋಶದೊಳಗೆ ಒಂದು ಜೀನನ್ನು ಕಳಿಸಬೇಕಾದರೆ ಅದನ್ನು ಹೊತ್ತೊಯ್ಯಲು ವಾಹಕ ಬೇಕು. ಬರೀ ಡಿಎನ್‌ಎ ಹಾಕಿದರೆ ದಾರಿಯಲ್ಲೇ ತುಂಡಾಗುತ್ತದೆ. ಕೋಶವೂ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೆಲವರು ಇದಕ್ಕೆ ಹಲ್ಲು ಕಿತ್ತ ವೈರಸ್ಸುಗಳನ್ನು ಬಳಸುತ್ತಾರೆ. ವೈರಸ್ ಬೇಡ ಎನ್ನುವವರು ಪಾಲಿಮರ್ ಬಳಸುತ್ತಾರೆ. ಪಾಲಿಮರ್ ಎಂದರೆ ಸಣ್ಣ ಅಣುಗಳನ್ನು ಒಂದಕ್ಕೊಂದು ಪೋಣಿಸಿದ ಉದ್ದನೆಯ ಸರಪಳಿ. ನಮ್ಮದು ಪಾಲಿ ಬೀಟಾ ಅಮೈನೋ ಎಸ್ಟರ್ ಎಂಬ ಜಾತಿಯದು. ನೋಡಲು ಥೇಟು ಜೇನುತುಪ್ಪ. ಇದು ಡಿಎನ್‌ಎಯನ್ನು ಸುತ್ತಿಕೊಂಡು, ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಯಾಗಿ ಕೋಶದೊಳಗೆ ಇಳಿಯುತ್ತದೆ. ಇಳಿದ ಮೇಲೆ ಅಲ್ಲಿನ ನೀರಿನಲ್ಲಿ ತಾನೇ ಮುರಿದು ಚೂರಾಗಿ, ಹೊತ್ತು ತಂದ ಜೀನನ್ನು ಬಿಟ್ಟುಕೊಡುತ್ತದೆ. ಚೂರುಗಳನ್ನು ದೇಹ ಹೊರಹಾಕುತ್ತದೆ. ಬಯೋಡಿಗ್ರೇಡಬಲ್ ಎನ್ನುವುದು ಇದಕ್ಕೇ. ಮುರಿಯುವುದೇ ಅದರ ದೊಡ್ಡ ಗುಣ. ಆದರೆ ಆ ನೀರು ಕೋಶದೊಳಗಿನದೋ, ಮಳೆಗಾಲದ ಗಾಳಿಯಲ್ಲಿರುವುದೋ ಎಂಬ ಭೇದ ಅದಕ್ಕಿಲ್ಲ. ತೇವ ತಾಗಿದರೆ ಬಾಟಲಿಯಲ್ಲೇ ಮುರಿಯತೊಡಗುತ್ತದೆ.

ಆದ್ದರಿಂದ ಅದನ್ನು ಫ್ರೀಜರ್‌ನಲ್ಲಿ ಇಡಬೇಕು. ಹೊರಗೆ ತೆಗೆದ ಕೂಡಲೇ ಮುಚ್ಚಳ ತೆರೆಯಬಾರದು. ಫ್ರಿಜ್ಜಿನಿಂದ ತೆಗೆದ ತಂಬಿಗೆಯ ಮೈ ಬೆವರುವುದನ್ನು ಎಲ್ಲರೂ ನೋಡಿದ್ದಾರೆ. ತಣ್ಣಗಿದ್ದಾಗ ತೆರೆದರೆ ಅದೇ ಬೆವರು ಬಾಟಲಿಯೊಳಗೂ ಇಳಿಯುತ್ತದೆ. ಬಾಟಲಿ ಕೋಣೆಯ ಉಷ್ಣತೆಗೆ ಬರುವ ತನಕ ಕಾದು, ಒಣ ನೈಟ್ರೋಜನ್ ಹಾಯಿಸುತ್ತ ಬೇಕಾದಷ್ಟು ತೆಗೆದುಕೊಂಡು, ಬಾಯಿಗೆ ಪ್ಯಾರಾಫಿಲ್ಮ್ ಎಂಬ ಹಿಗ್ಗುವ ಮೇಣದ ಪಟ್ಟಿ ಸುತ್ತಿ ಮತ್ತೆ ಒಳಗಿಡಬೇಕು. ಈ ನಿಯಮವನ್ನು ನಮಗೆಲ್ಲ ಕಲಿಸಿದವರು ಕಂಪನಿಯ ಯಜಮಾನರಾದ ದೇಸಾಯಿ ಸರ್.

ದೇಸಾಯಿ ಸರ್ ವಿಜಯಪುರದ ಕಡೆಯವರು. ಪುಣೆಗೆ ಬಂದು ದಶಕಗಳಾಗಿದ್ದರೂ ನನ್ನಂಥ ಕನ್ನಡದವರು ಸಿಕ್ಕರೆ ಅವರ ಮುಖ ಅರಳುತ್ತಿತ್ತು. ನನ್ನನ್ನು ಅವರ ಕಡೆಯ ಮರ್ಯಾದೆಯಲ್ಲಿ ಬಾಯಾರ ಎಂದೇ ಕರೆಯುತ್ತಿದ್ದರು. ಸ್ವತಃ ಒಳ್ಳೆಯ ಪಾಲಿಮರ್ ಕೆಮಿಸ್ಟ್. ಈ ಪಾಲಿಮರಿನ ಸೂತ್ರ ಅವರದೇ. ನಗರದ ಒಂದು ಆಸ್ಪತ್ರೆಯೊಂದಿಗೆ ಸೇರಿ, ಸಕ್ಕರೆ ಕಾಯಿಲೆಯವರ ಕಾಲಿನ ಒಣಗದ ಹುಣ್ಣಿಗೆ ಜೀನ್ ತಲುಪಿಸುವ ಯೋಜನೆ ಹಾಕಿಕೊಂಡಿದ್ದರು. ಪಾಲಿಮರನ್ನು ಮಗಳಿಗಿಂತ ಹೆಚ್ಚು ಮುದ್ದು ಮಾಡುತ್ತಾರೆ ಎಂದು ಅವರ ಮಗಳೇ ಒಮ್ಮೆ ನನ್ನೆದುರು ಗೊಣಗಿದ್ದಳು. ಫ್ರೀಜರ್ ಇದ್ದದ್ದು ಅವರ ಕೋಣೆಯ ಪಕ್ಕದಲ್ಲಿ. ಕೀಲಿ ಅವರ ಜೇಬಿನಲ್ಲಿ.

ಆ ಕೀಲಿಯನ್ನು ದಿನವೂ ಕೇಳಿ ಪಡೆಯುತ್ತಿದ್ದವಳು ಚೈತ್ರಾ. ಮಂಡ್ಯದವಳು, ಎರಡು ವರ್ಷದ ಕಾಂಟ್ರ್ಯಾಕ್ಟಿನ ಮೇಲೆ ಬಂದ ಸಂಶೋಧಕಿ. ಪಾಲಿಮರಿನೊಳಗೆ ಡಿಎನ್‌ಎ ಕಟ್ಟಿ ಜೀವಕೋಶಗಳಿಗೆ ಹಾಕಿ ನೋಡುವುದು ಅವಳ ಪಾಲಿನ ಕೆಲಸ. ಪರೀಕ್ಷೆಗೆ ಬಳಸುತ್ತಿದ್ದದ್ದು ಹಸಿರು ಹೊಳಪಿನ ಪ್ರೋಟೀನ್ ತಯಾರಿಸುವ ಜೀನ್. ಅದು ಒಳಗೆ ತಲುಪಿದರೆ ಮೈಕ್ರೋಸ್ಕೋಪಿನಲ್ಲಿ ಕೋಶಗಳು ಹಸಿರಾಗಿ ಹೊಳೆಯುತ್ತವೆ, ತಲುಪದಿದ್ದರೆ ಕತ್ತಲೆ. ಬೇಸಿಗೆಯಲ್ಲಿ ಕೋಶಗಳು ಹೊಳೆದಿದ್ದವು. ಮಳೆ ಹಿಡಿದ ಮೇಲೆ ಒಂದೊಂದಾಗಿ ಮಂಕಾದವು. ಹೊಸ ಬ್ಯಾಚ್ ಬಂದರೆ ನಾಲ್ಕು ದಿನ ಹೊಳಪು, ಆಮೇಲೆ ಮತ್ತೆ ಕತ್ತಲೆ.

ನನ್ನ ಹತ್ತಿರ ಬಂದ ಬಾಟಲಿಯನ್ನು ಜಿಪಿಸಿ ಯಂತ್ರಕ್ಕೆ ಹಾಕಿದೆ. ಪಾಲಿಮರಿನ ಸರಪಳಿ ಎಷ್ಟು ಉದ್ದವಿದೆ ಎಂದು ಹೇಳುವ ಯಂತ್ರ ಅದು. ಮಾಡಿದ ದಿನ ಉದ್ದವಾಗಿದ್ದ ಸರಪಳಿ ಈಗ ಅರ್ಧಕ್ಕೂ ಕಡಿಮೆ. ನೀರಿನ ಅಂಶ ನೋಡಿದೆ, ಇರಬಾರದಷ್ಟಿತ್ತು. ಅಂದರೆ ಯಾರೋ ಈ ಬಾಟಲಿಯನ್ನು ತಣ್ಣಗಿರುವಾಗಲೇ, ಒಂದಲ್ಲ ಹಲವು ಸಲ ತೆರೆದಿದ್ದಾರೆ. ಹಾಗೆಂದು ನನ್ನ ವರದಿಯಲ್ಲಿ ಹೇಳಿದೆ. ದೇಸಾಯಿ ಸರ್ ಅದನ್ನು ಓದಿ ಚೈತ್ರಾಳನ್ನು ಎಲ್ಲರೆದುರು ಕರೆದರು.

"ಕೀಲಿ ನನ್ನ ಹಂತ್ಯಾಕ ಅದ. ಇಸಗೊಳ್ಳಾಕಿ ನೀ ಒಬ್ಬಾಕಿನ. ಮತ್ತ ಇದನ್ನ ಇನ್ಯಾರು ತಗದಿರಬೇಕು ಹೇಳು?"

"ಸರ್, ನಾನು ಯಾವತ್ತೂ ಕೋಲ್ಡ್ ಇದ್ದಾಗ ಓಪನ್ ಮಾಡಿಲ್ಲ. ಆಚೆ ಇಟ್ಟು ಕಾದೇ ತೆಗೀತೀನಿ," ಅಂದಳು ಚೈತ್ರಾ.

"ಹಂಗಾದ್ರ ನಿನ್ನ ಕೈಗುಣ ಸರಿ ಇಲ್ಲಂತ ತಿಳ್ಕೋಬೇಕೇನು?"

ಅವರು ತಮಾಷೆಗೆ ಅಂದರೋ ಸಿಟ್ಟಿಗೆ ಅಂದರೋ, ಆ ಮಾತು ಮಾತ್ರ ಲ್ಯಾಬಿನ ಗೋಡೆಗೆ ಅಂಟಿಕೊಂಡಿತು. ನಮ್ಮಲ್ಲಿ ಕೈಗುಣ ಎಂದರೆ ಸಣ್ಣ ಮಾತಲ್ಲ. ಡಾಕ್ಟರಿಗೆ ಕೈಗುಣ ಬೇಕು, ಅಡುಗೆಯವರಿಗೆ ಬೇಕು, ಸಸಿ ನೆಡುವವರಿಗೂ ಬೇಕು. ಅದು ಇದ್ದರೆ ಕಾರಣ ಯಾರೂ ಕೇಳುವುದಿಲ್ಲ. ಇಲ್ಲ ಎಂದು ಹೆಸರು ಬಿದ್ದರೆ ಆಗಲೂ ಕೇಳುವುದಿಲ್ಲ. ಕೋಶಗಳನ್ನು ಬೆಳೆಸುವ ವಿಭಾಗದ ವೈಶಾಲಿ, ಎಂಎಸ್ಸಿ ಮಾಡಿದ ಬುದ್ಧಿವಂತೆ, ಮರುದಿನವೇ ನನ್ನ ಕಿವಿಯಲ್ಲಿ, "ತಿಚ್ಯಾ ಹಾತಾಲಾ ಯಶ್ ನಾಹೀ," ಎಂದಳು. ಅವಳ ಕೈಗೆ ಯಶಸ್ಸಿಲ್ಲವಂತೆ. ವಾರ ಕಳೆಯುವುದರೊಳಗೆ ತನ್ನ ಕೋಶಗಳ ತಟ್ಟೆಗಳನ್ನು ಚೈತ್ರಾ ಮುಟ್ಟದ ಹಾಗೆ ಮೇಲಿನ ಕಪಾಟಿಗೆ ಸರಿಸಿಬಿಟ್ಟಳು. ಚೈತ್ರಾ ಬರುತ್ತಿದ್ದಾಳೆಂದು ಕಂಡರೆ ಟ್ಯೂಬು ತಿರುಗಿಸುವ ಸೆಂಟ್ರಿಫ್ಯೂಜಿನ ಎದುರು ನಿಂತವರು ತಾವೇ ಅವಳ ಕೈಯಿಂದ ಟ್ಯೂಬು ಇಸಿದುಕೊಂಡು ಒಳಗಿಡುತ್ತಿದ್ದರು. ವಿಜ್ಞಾನದ ಪದವಿ ಪಡೆದವರ ಕೋಣೆಯಲ್ಲಿ ನಡೆಯುತ್ತಿದ್ದ ಸಂಗತಿ ಇದು. ನನಗೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತಿತ್ತು.

ಚೈತ್ರಾಳ ಕಾಂಟ್ರ್ಯಾಕ್ಟ್ ಗಣಪತಿ ಹಬ್ಬದ ಹೊತ್ತಿಗೆ ಮುಗಿಯುವುದಿತ್ತು. ಮುಂದುವರಿಸಬೇಕೋ ಬೇಡವೋ ಎಂದು ನಿರ್ಧರಿಸಲು ಆಸ್ಪತ್ರೆಯ ಡಾಕ್ಟರರೂ ಬಂದು ಕೂರುವ ಒಂದು ಮೀಟಿಂಗ್ ಗೊತ್ತಾಯಿತು. ಬರೀ ಕೆಲಸ ಹೋಗುವ ಪ್ರಶ್ನೆಯಾಗಿದ್ದರೆ ಅವಳು ಇನ್ನೊಂದು ಹುಡುಕಿಕೊಳ್ಳುತ್ತಿದ್ದಳು. ಆದರೆ ಈ ಪಾಲಿಮರ್ ಜಗತ್ತು ಬಲು ಸಣ್ಣದು. ಎಲ್ಲರಿಗೂ ಎಲ್ಲರೂ ಗೊತ್ತು. ಅಜಾಗರೂಕತೆಯಿಂದ ಬ್ಯಾಚ್ ಕೆಡಿಸಿದವಳು ಎಂಬ ಹೆಸರು ಹೊತ್ತು ಹೊರಬಿದ್ದರೆ, ಮುಂದಿನ ಲ್ಯಾಬಿನ ಬಾಗಿಲು ತಟ್ಟುವ ಮೊದಲೇ ಹೆಸರು ಅಲ್ಲಿ ಮುಟ್ಟಿರುತ್ತದೆ.

ನಾನು ಯಾರನ್ನೂ ಬಾಯಿಮಾತಿನ ಮೇಲೆ ನಂಬುವವಳಲ್ಲ. ಅವಳಿಗೆ ಹೇಳದೆ ಹೋಗಿ ಹಲವು ಸಲ ಅವಳ ಬೆನ್ನ ಹಿಂದೆ ನಿಂತೆ. ಬಾಟಲಿ ತಂದು ಒಣ ಡಬ್ಬದಲ್ಲಿಟ್ಟು ಕಾಯುತ್ತಿದ್ದಳು. ಕೈಯ ಹಿಂಭಾಗ ತಾಗಿಸಿ ನೋಡಿ, ಇನ್ನೂ ತಣ್ಣಗಿದೆ ಅನಿಸಿದರೆ ಮತ್ತೆ ಕಾಯುತ್ತಿದ್ದಳು. ನಾನೇ ಬೇಸತ್ತು ಚಹಾ ಕುಡಿದು ಬಂದರೂ ಅವಳು ಕಾಯುತ್ತಲೇ ಇರುತ್ತಿದ್ದಳು.

"ಒಮ್ಮೆನೂ ಅವಸರ ಮಾಡಿಲ್ಲೇನು? ಖರೇ ಹೇಳು," ಎಂದು ಕೇಳಿದೆ.

"ಇಲ್ಲ ಮೇಡಂ. ಆದ್ರೆ ಈಗ ನನಗೇ ನನ್ ಮೇಲೆ ಡೌಟ್ ಬರ್ತಾ ಇದೆ," ಅಂದಳು. "ಮನೇಲಿ ಹಾಲಿಗೆ ಹೆಪ್ಪು ಹಾಕೋಕೂ ರೂಮ್‌ಮೇಟ್‌ಗೆ ಹೇಳ್ತೀನಿ."

ಆ ಮಾತು ಕೇಳಿ ನನಗೆ ಭಯಂಕರ ಸಿಟ್ಟು ಬಂತು. ಬಾಟಲಿಯಲ್ಲಿ ನೀರಿದೆ, ನೀರು ಹಾರಿ ಬಂದು ಕೂರುವುದಿಲ್ಲ. ಫ್ರೀಜರಿನ ರಬ್ಬರು ಬದಲಾಯಿಸಿದೆ. ಮುಚ್ಚಳಗಳನ್ನು ಬೇರೆ ತರಿಸಿದೆ. ನೈಟ್ರೋಜನ್ ಸಿಲಿಂಡರನ್ನೇ ಪರೀಕ್ಷಿಸಿದೆ. ಬಾಟಲಿಯ ಬಾಯಿಗೆ ಸುತ್ತಿದ ಪ್ಯಾರಾಫಿಲ್ಮ್ ಪ್ರತಿಸಲವೂ ನೀಟಾಗಿ, ಒಂದು ಸುಕ್ಕೂ ಇಲ್ಲದೆ ಇರುತ್ತಿತ್ತು. ಕಳ್ಳತನದಿಂದ ತೆಗೆದವರು ಅಷ್ಟು ಚಂದ ಸುತ್ತುತ್ತಾರೆಯೇ? ದಿಕ್ಕು ತೋಚದೆ ನಾನು ಸಹಾಯಕನಿಗೂ ಯಂತ್ರಕ್ಕೂ ಬೈದುಕೊಂಡು ತಿರುಗಿದೆ.

ಮೀಟಿಂಗಿನ ದಿನ ಬಂತು. ಹೊರಗೆ ಜಿಟಿಜಿಟಿ ಮಳೆ. ದೇಸಾಯಿ ಸರ್ ಕೋಣೆಯಲ್ಲಿ ಮೇಜಿನ ಒಂದು ಬದಿಗೆ ಆಸ್ಪತ್ರೆಯ ಡಾಕ್ಟರು, ಇನ್ನೊಂದು ಬದಿಗೆ ನಾನು ಮತ್ತು ವೈಶಾಲಿ, ತುದಿಗೆ ಚೈತ್ರಾ. ಡಾಕ್ಟರು ಮರಾಠಿಯವರು, ಮಿತಭಾಷಿ. ರೋಗಿಗಳನ್ನು ಬಿಟ್ಟು ಬಂದವರ ಚಡಪಡಿಕೆ ಅವರ ಕಾಲಲ್ಲಿ ಕಾಣುತ್ತಿತ್ತು. ದೇಸಾಯಿ ಸರ್ ಇಂಗ್ಲಿಷಿನಲ್ಲಿ ಗಂಭೀರವಾಗಿ ಶುರು ಮಾಡಿದರು. ಪಾಲಿಮರ್ ಅತ್ಯುತ್ತಮ, ಬಳಸುವವರ ಅಜಾಗರೂಕತೆಯಿಂದ ಫಲಿತಾಂಶ ಕೆಟ್ಟಿದೆ, ಆದ್ದರಿಂದ ಈ ಕೆಲಸಕ್ಕೆ ಬೇರೆಯವರನ್ನು ನೇಮಿಸುತ್ತೇವೆ ಎಂದರು. ಚೈತ್ರಾ ತನ್ನ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡು ಕೂತಿದ್ದಳು.

"ಈ ಪಾಲಿಮರನ್ನು ನಾನು ಒಮ್ಮೆಯೂ ಕಣ್ಣಿಂದ ನೋಡಿಲ್ಲ," ಎಂದರು ಡಾಕ್ಟರು ಇಂಗ್ಲಿಷಿನಲ್ಲೇ, ಸುಮ್ಮನೆ ಮಾತಿಗೆಂಬಂತೆ.

ಅಷ್ಟೇ ಸಾಕಾಯಿತು. ದೇಸಾಯಿ ಸರ್ ಮುಖ ಬೆಳಗಿತು. ಎದ್ದವರೇ ಜೇಬಿನಿಂದ ಕೀಲಿ ತೆಗೆದರು, ಪಕ್ಕದ ಕೋಣೆಗೆ ಹೋದರು, ಫ್ರೀಜರಿನಿಂದ ಬಾಟಲಿ ತಂದರು. ಬಾಟಲಿಯ ಮೈಯೆಲ್ಲ ಮಂಜು. ಪಾಲಿಮರ್ ಗಟ್ಟಿಯಾಗಿತ್ತು. ಅದನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಚಳಿಗೆ ಕೈ ಕಾಯಿಸಿಕೊಳ್ಳುವವರ ಹಾಗೆ ಬಾಯಿಂದ ಹಾ ಹಾ ಎಂದು ಬಿಸಿ ಉಸಿರು ಬಿಟ್ಟರು. ಪ್ಯಾರಾಫಿಲ್ಮ್ ಬಿಚ್ಚಿದರು. ಮುಚ್ಚಳ ತಿರುವಿ ತೆರೆದರು. ಮೇಜಿನ ಮೇಲಿದ್ದ ಗಾಜಿನ ಕಡ್ಡಿಯನ್ನು ಅದ್ದಿ ಮೇಲೆತ್ತಿ, ಲಾಡುವಿಗೆ ಪಾಕ ನೋಡುವವರ ಹಾಗೆ ಎಳೆ ಎಳೆದು ತೋರಿಸಿದರು. ಪಾಕ ಬರಲಿಲ್ಲ, ಎಳೆ ಕೂಡಲೇ ಹರಿದು ಹನಿಯಾಗಿ ಬಿತ್ತು.

"ಹಿಂದ ಇದರ ಎಳಿ ಮೊಳದುದ್ದ ಬರತಿತ್ತು. ಈಗ ನೋಡ್ರಿ ಹೆಂಗ ಆಗ್ಯದ," ಎಂದು ನನ್ನತ್ತ ತಿರುಗಿ ನೊಂದುಕೊಂಡು, ಬಾಟಲಿಯನ್ನು ಡಾಕ್ಟರರ ಕೈಗೆ ಕೊಟ್ಟರು. ಮೂಸಿ ನೋಡಿ, ಏನೂ ವಾಸನೆಯಿಲ್ಲ ಎಂದು ಅವರಿಗೆ ಹೇಳಿದರು.

ಡಾಕ್ಟರು ಮೂಗಿಗೆ ಹಿಡಿದು ನೋಡಿ, ವೈಶಾಲಿಯ ಕೈಗೆ ದಾಟಿಸಿದರು. ಆಮೇಲೆ ಒದ್ದೆಯಾದ ತಮ್ಮ ಬೆರಳುಗಳನ್ನು ನೋಡಿಕೊಂಡು ಕರವಸ್ತ್ರ ತೆಗೆದು ಒರೆಸಿಕೊಂಡರು. ಬಾಟಲಿಯ ಕತ್ತಿನ ಒಳಗೂ ಹೊರಗೂ ಸಣ್ಣ ಹನಿಗಳು ಮೂಡುತ್ತಿದ್ದವು.

"ಸರ, ಆ ಬಾಟಲಿ ಕೆಳಗ ಇಡಸ್ರಿ," ಅಂದೆ. "ಮತ್ತ ಒಂದು ಮಾತು ಹೇಳ್ರಿ. ಯಾರರ ಬಂದ್ರ ಪ್ರತಿ ಸಲಾನೂ ಹಿಂಗ ತಗದು ತೋರಸ್ತೀರಿ?"

"ಮತ್ತ? ಬಂದವರಿಗೆ ತೋರಸಬಾರದೇನ್ರಿ ಬಾಯಾರ? ಪಾಲ್ಕಿ ದಿವಸ ಗಚ್ಚಿ ಮ್ಯಾಲ ನೋಡಾಕ ಬಂದಿದ್ರಲ್ಲ ನಮ್ಮ ಬೀಗರು, ಮಾರ್ಕೆಟ್ ಯಾರ್ಡಿನ ದೋಸ್ತರು, ಅವರಿಗೂ ತೋರಿಸೀನಿ. ಭಾಳ ಖುಷಿ ಆದರು."

ನಮ್ಮ ಕಟ್ಟಡ ಪಾಲಖಿ ಹೋಗುವ ದಾರಿಯಲ್ಲಿತ್ತು. ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಾಲಖಿ, ಅಂದರೆ ಪಲ್ಲಕ್ಕಿ, ಸಾಸವಡದತ್ತ ಹೋಗುವ ದಿನ ಕೆಲಸಕ್ಕೆ ಬಿಡುವು. ಯಜಮಾನರ ನೆಂಟರಿಷ್ಟರೆಲ್ಲ ನಮ್ಮ ಗಚ್ಚಿಯ ಮೇಲೆ, ಅಂದರೆ ತಾರಸಿಯಲ್ಲಿ. ಪಲ್ಲಕ್ಕಿಯ ಜೊತೆ ನಡೆಯುವ ವಾರಕರಿ ಯಾತ್ರಿಕರಿಗೆ ಚಹಾ ಅವಲಕ್ಕಿ ಹಂಚಿ, ಬಂದವರಿಗೆಲ್ಲ ಲ್ಯಾಬು ತೋರಿಸುವುದು ವಾಡಿಕೆ. ಮಳೆಯಲ್ಲಿ ನೆನೆದು ಬಂದ ಎಷ್ಟು ಕೈಗಳು ಆ ಬಾಟಲಿಯನ್ನು ದಾಟಿಸಿಕೊಂಡವೋ ದೇವರಿಗೇ ಗೊತ್ತು. ಎಲ್ಲ ಮುಗಿದ ಮೇಲೆ ಪ್ಯಾರಾಫಿಲ್ಮನ್ನು ಒಂದು ಸುಕ್ಕೂ ಇಲ್ಲದೆ ಸುತ್ತಿಡುತ್ತಿದ್ದವರು ಇವರೇ. ಹಳೆಯ ಕೆಮಿಸ್ಟ್ ಅಲ್ಲವೇ, ಕೈ ಪಳಗಿತ್ತು.

"ಸರ, ತಣ್ಣನ ಬಾಟಲಿ ತಗೀಬಾರದಂತ ನಮಗ ಕಲಿಸಿದವರು ನೀವ," ಅಂದೆ.

"ಅದು ಕೆಲಸ ಮಾಡೂ ಮುಂದ ರೀ. ನಾ ಎಲ್ಲಿ ಕೆಲಸ ಮಾಡೀನಿ? ಬರೇ ತೋರಸೀನಿ. ಅಷ್ಟರಾಗ ಏನಾಗತದ?"

ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಹುಚ್ಚಿಯನ್ನಾಗಿಸಿದ್ದು. ಯಾರು ತೆರೆದಿರಬೇಕು ಎಂದು ಎಲ್ಲರೆದುರು ಕೇಳಿದಾಗ ಅವರಿಗೆ ತಮ್ಮ ಕೈ ನೆನಪಾಗಲೇ ಇಲ್ಲ. ತನ್ನ ಮನೆಯ ವಸ್ತುವನ್ನು ತಾನು ಮುಟ್ಟಿದ್ದು ಮುಟ್ಟಿದ ಲೆಕ್ಕಕ್ಕೇ ಬರುವುದಿಲ್ಲ. ಚೈತ್ರಾ ಮುಟ್ಟಿದರೆ ಅದು ಬಳಕೆ, ಇವರು ಮುಟ್ಟಿದರೆ ಅದು ಪ್ರೀತಿ. ಪಾಲಿಮರಿಗೆ ಮಾತ್ರ ಈ ವ್ಯತ್ಯಾಸ ಗೊತ್ತಿರಲಿಲ್ಲ.

ಕನ್ನಡ ತಿಳಿಯದ ಡಾಕ್ಟರು ನಮ್ಮ ಮುಖಗಳನ್ನು ನೋಡಿ ವಿಷಯ ಏನೆಂದು ಕೇಳಿದರು. ಮರಾಠಿಯಲ್ಲಿ ವಿವರಿಸಿದೆ. ಅವರು ಬಾಟಲಿಯನ್ನೂ ತಮ್ಮ ಒದ್ದೆ ಕರವಸ್ತ್ರವನ್ನೂ ನೋಡಿ, "ಆಧೀ ಹೇ ತಪಾಸಾ, ಮಗ ಮುಲೀಚಂ ಬಘೂ," ಎಂದು ಎದ್ದರು. ಮೊದಲು ಇದನ್ನು ಪರೀಕ್ಷಿಸಿ, ಹುಡುಗಿಯ ವಿಚಾರ ಆಮೇಲೆ ನೋಡೋಣ ಎಂದು. ಅವತ್ತಿಗೆ ಚೈತ್ರಾ ಉಳಿದಳು, ಅಷ್ಟೇ. ದೇಸಾಯಿ ಸರ್ ಮಾತ್ರ ಒಪ್ಪಲಿಲ್ಲ. ಕೈಗುಣವನ್ನು ಪರೀಕ್ಷೆಯಿಲ್ಲದೆ ನಂಬಿದವರಿಗೆ ತಮ್ಮ ತಪ್ಪನ್ನು ನಂಬಲು ಪರೀಕ್ಷೆ ಬೇಕಾಯಿತು.

ಮಾಡಿದೆ. ಹೊಸ ಬ್ಯಾಚನ್ನು ಎರಡು ಪಾಲು ಮಾಡಿ, ಒಂದನ್ನು ಒಂದೊಂದು ಸಲದ ಬಳಕೆಗೆ ಸಾಲುವಷ್ಟು ಸಣ್ಣ ಸಣ್ಣ ಗಾಜಿನ ಆಂಪೂಲುಗಳಲ್ಲಿ ತುಂಬಿ, ಬಾಯಿ ಕರಗಿಸಿ ಮುಚ್ಚಿಸಿದೆ. ಒಡೆದರಷ್ಟೇ ತೆರೆಯಬೇಕು, ತೋರಿಸಿ ಮತ್ತೆ ಮುಚ್ಚುವ ಮಾತಿಲ್ಲ. ಇನ್ನೊಂದು ಪಾಲನ್ನು ಹಳೆಯ ಹಾಗೆ ಬಾಟಲಿಯಲ್ಲಿಟ್ಟು, "ಸರ, ಬಂದವರಿಗೆ ಇದನ್ನ ತೋರಸ್ರಿ, ಮನಸಾರೆ ತೋರಸ್ರಿ," ಎಂದೆ. ಅವರು ಮನಸಾರೆ ತೋರಿಸಿದರು. ಕೆಲವು ವಾರ ಕಳೆದು ಎರಡನ್ನೂ ಅಳೆದರೆ ಆಂಪೂಲಿನ ಸರಪಳಿ ಇದ್ದ ಹಾಗೇ ಇತ್ತು, ಬಾಟಲಿಯದು ಚೂರಾಗಿತ್ತು. ಚೈತ್ರಾ ಎರಡರಿಂದಲೂ ತಾನೇ ಉಂಡೆ ಕಟ್ಟಿ, ಒಂದೇ ದಿನ, ಒಂದೇ ತಟ್ಟೆಯ ಕೋಶಗಳಿಗೆ ಹಾಕಿದಳು. ಮೈಕ್ರೋಸ್ಕೋಪಿನಲ್ಲಿ ತಟ್ಟೆಯ ಅರ್ಧ ಹಸಿರು, ಅರ್ಧ ಕತ್ತಲೆ. ವೈಶಾಲಿ ನೋಡಿದಳು. ಎರಡನೆಯ ಸಲ ನೋಡಿದಳು. ಮೇಲಿನ ಕಪಾಟಿನ ತನ್ನ ತಟ್ಟೆಗಳನ್ನು ಕೆಳಗಿಳಿಸಿದಳು.

ಚೈತ್ರಾಳ ಕಾಂಟ್ರ್ಯಾಕ್ಟ್ ಮುಂದುವರಿಯಿತು. ಅವಳಿಗೆ ಕ್ಷಮೆ ಕೇಳಿದವರು ಯಾರೂ ಇಲ್ಲ. ಅಜಾಗರೂಕತೆ ಎಂಬ ಮಾತನ್ನು ಡಾಕ್ಟರರೆದುರು ಹಿಂತೆಗೆದುಕೊಳ್ಳಿ ಎಂದು ನಾನೇ ದೇಸಾಯಿ ಸರ್ ಬೆನ್ನು ಬಿದ್ದೆ. ಅವರು ಫೋನ್ ಮಾಡಿದರು. ಹೇಳಿದ್ದು ಮಾತ್ರ, ಸ್ಟೋರೇಜಿನಲ್ಲಿ ಸಣ್ಣ ತೊಂದರೆ ಇತ್ತು, ಈಗ ಸರಿಯಾಗಿದೆ ಎಂದು. ಅವರ ನಾಲಿಗೆ ಅದಕ್ಕಿಂತ ಮುಂದೆ ಹೊರಳಲಿಲ್ಲ. ಅತಿಥಿಗಳಿಗೆ ತೋರಿಸುವ ಚಟವೂ ಹೋಗಲಿಲ್ಲ. ಕಡೆಗೆ ನಾನು ಮಹಾಬಳೇಶ್ವರದ ಜೇನುತುಪ್ಪ ತಂದು ಅಂಥದೇ ಬಾಟಲಿಗೆ ತುಂಬಿಸಿ ಅವರ ಮೇಜಿನ ಮೇಲಿಟ್ಟೆ. ಅವರಿಗೆ ಹೇಳಿಯೇ ಇಟ್ಟೆ. ಎರಡು ದಿನ ಮುನಿಸಿಕೊಂಡು, ಮೂರನೆಯ ದಿನ ಬಂದವರಿಗೆ ಅದರ ಎಳೆಯನ್ನೇ ತೆಗೆದು ತೋರಿಸಿ ಸಂತೋಷಪಟ್ಟರು.

ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಹೇಳುತ್ತಿರಲಿಲ್ಲ. ಮರುವರ್ಷ ದಸರೆಯ ಮುನ್ನ ಹೊಸ ಮೈಕ್ರೋಸ್ಕೋಪ್ ಬಂತು. ಹೂವು ಏರಿಸಿ, ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದಾಯಿತು. ಎಲ್ಲರೂ ಸುತ್ತ ನಿಂತಿದ್ದೆವು. ಮೊದಲ ಸಲ ಸ್ವಿಚ್ ಒತ್ತುವುದು ಯಜಮಾನರ ಹಕ್ಕು. ದೇಸಾಯಿ ಸರ್ ಕೈ ಮುಂದೆ ಮಾಡಿದವರು ತಡೆದು, ಹಿಂದೆ ತಿರುಗಿದರು.

"ಚೈತ್ರಾ, ಬಾ ತಂಗಿ. ನೀನ ಒತ್ತು. ನಿನ್ನ ಕೈಗುಣ ಭಾಳ ಚಲೋ ಅದ."

ವೈಶಾಲಿ ಕೂಡ ತಲೆಯಾಡಿಸಿ, ಹೋಗು ಎಂದು ಅವಳನ್ನು ಮೆಲ್ಲಗೆ ಮುಂದೆ ತಳ್ಳಿದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟೆಲ್ಲ ಅಳೆದು, ಮುಚ್ಚಿ, ಹೋಲಿಸಿ ತೋರಿಸಿದ್ದಕ್ಕೆ ಇವರು ಕಲಿತದ್ದು ಇಷ್ಟು. ಕೆಟ್ಟ ಕೈ ಈಗ ಒಳ್ಳೆಯ ಕೈಯಾಯಿತು.

ಚೈತ್ರಾ ಮುಂದೆ ಬಂದಳು. ಸ್ವಿಚ್ ಒತ್ತಿದಳು. ದೀಪ ಹತ್ತಿತು. ಆಮೇಲೆ ದೇಸಾಯಿ ಸರ್ ಕಡೆಗೆ ತಿರುಗಿ, ದನಿ ಏರಿಸದೆ ಅಂದಳು:

"ಕೈ ಅದೇ ಸರ್. ಬಾಟಲಿ ಬೇರೆ."

"ನೋಡ್ರಿ ಬಾಯಾರ, ಹುಡುಗಿಗೆ ಎಷ್ಟು ವಿನಯ ಅದ," ಎಂದು ದೇಸಾಯಿ ಸರ್ ಪೇಢೆಯ ಡಬ್ಬಿ ಬಿಚ್ಚಿದರು. ಚೈತ್ರಾ ನನ್ನತ್ತ ನೋಡಿದಳು. ಅವಳ ಕೈಗಳು ಈಗ ಎಲ್ಲರಿಗೂ ಕಾಣುವ ಹಾಗೆ ಮೈಕ್ರೋಸ್ಕೋಪಿನ ಮೇಜಿನ ಮೇಲಿದ್ದವು.

ನಾನು ಮುಂದೆ ನಿವೃತ್ತಳಾದೆ. ಏನಾದರೂ ಕೆಟ್ಟು, ಯಾರು ಮುಟ್ಟಿದರು ಎಂಬ ಪ್ರಶ್ನೆ ಬಂದರೆ, ಮೊದಲು ಆ ಪ್ರಶ್ನೆ ಕೇಳುತ್ತಿರುವವರ ಕೈ ನೋಡಬೇಕು ಎಂಬುದು ಈ ನೌಕರಿ ನನಗೆ ಕಲಿಸಿದ ಪಾಠ. ಸರಪಳಿಯ ಉದ್ದ ಅಳೆಯುವ ಯಂತ್ರ ನನ್ನಲ್ಲಿತ್ತು, ನೀರಿನ ಹನಿ ಹಿಡಿಯುವ ಯಂತ್ರವೂ ಇತ್ತು. ಯಜಮಾನರ ಕೈಯನ್ನು ಲೆಕ್ಕಕ್ಕೆ ಹಿಡಿಯುವ ಕೆಲಸವನ್ನು ಮಾತ್ರ ಯಾವ ಯಂತ್ರಕ್ಕೂ ಒಪ್ಪಿಸಲು ಬರುವುದಿಲ್ಲ. ಅದನ್ನು ಯಾರಾದರೊಬ್ಬರು ಬಾಯಿಬಿಟ್ಟು ಹೇಳಲೇಬೇಕು.